ಹಸಿವಿಲ್ಲದ ಮುಂಜಾವಿಗೆ ಯಾವ ಆಹಾರ?

ಕಳೆದ ತಿಂಗಳು ಗ್ರಾಮವೊಂದರಿಂದ ಓದುಗ ಸೋದರಿಯೊಬ್ಬರು ಬರೆದ ಕಾಗದ ನನ್ನ ಕೈಸೇರಿತು. ಅವರ ಪತಿಗೆ ಮುಂಜಾನೆ ಏನನ್ನೂ ತಿನ್ನಲು ಮನಸ್ಸಾಗುವುದಿಲ್ಲವಂತೆ. ಎರಡು ಸಲ ಚಹಾ ಕುಡಿದು ಕೆಲಸಕ್ಕೆ ಹೊರಟುಬಿಡುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ತಲೆನೋವು, ಸಿಡುಕು. ಹತ್ತನೆಯ ತರಗತಿಯ ಮಗಳದೂ ತಂದೆಯದೇ ದಾರಿ. ಒತ್ತಾಯ ಮಾಡಿದರೆ ಮುನಿಸು, ಬಿಟ್ಟರೆ ಉಪವಾಸ. ಹೊಟ್ಟೆಗೆ ಭಾರವಾಗದೆ ಮಧ್ಯಾಹ್ನದವರೆಗೆ ಆಧಾರವಾಗುವಂತಹ ಆಹಾರ ಯಾವುದೆಂದು ತಿಳಿಸಬೇಕು ಎಂಬುದು ಅವರ ಕೋರಿಕೆ. ಎರಡು ಪುಟದ ಆ ಕಾಗದದಲ್ಲಿ ತಾವು ಯಾವಾಗ ಉಣ್ಣುತ್ತೇನೆಂಬುದರ ಬಗೆಗೆ ಆ ತಾಯಿ ಒಂದಕ್ಷರವನ್ನೂ ಬರೆದಿಲ್ಲ. ಅದರ ಮಾತನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ.

ಮೊದಲಿಗೆ ಶಬ್ದದ ಮಾತು. ನಮ್ಮ ಹೋಟೆಲುಗಳ ಫಲಕಗಳಲ್ಲಿ ‘ಉಪಹಾರ ಗೃಹ’ ಎಂದು ಬರೆದಿರುವುದುಂಟು. ಉಪಹಾರವೆಂದರೆ ಕಾಣಿಕೆ, ನೈವೇದ್ಯ. ಬೆಳಗಿನ ತಿಂಡಿಗೆ ಸಲ್ಲುವ ಶಬ್ದ ಉಪಾಹಾರ. ಮುಖ್ಯ ಆಹಾರದ ಪಕ್ಕದಲ್ಲಿ ನಿಲ್ಲುವ ಲಘು ಆಹಾರ ಎಂದರ್ಥ. ವ್ಯಾಕರಣದ ಚಪಲಕ್ಕೆ ಇದನ್ನು ಹೇಳುತ್ತಿಲ್ಲ. ತಟ್ಟೆ ತುಂಬ ಪೂರಿ, ಮೇಲೆ ವಡೆ, ಅದರ ಮೇಲೊಂದು ಸಿಹಿ ಎಂಬಂತಹ ತಿಂಡಿಯನ್ನು ಮುಂದಿಟ್ಟು ‘ತಿನ್ನು’ ಎಂದರೆ, ಹಸಿವಿಲ್ಲದವನಿಗೆ ಇದ್ದಷ್ಟು ಮನಸ್ಸೂ ಹೋಗುತ್ತದೆ. ಲಘುವಾದುದರಿಂದ ಆರಂಭಿಸುವುದೇ ಇಲ್ಲಿಯ ಮರ್ಮ.

೧೯೭೦ರ ದಶಕದಲ್ಲಿ ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾಲ್ಕೂವರೆಗೆ ಏಳುವುದು, ಸ್ನಾನ, ಪೂಜೆ, ಒಂದು ಪಾಠ, ಆಮೇಲೆ ಪಂಕ್ತಿ. ಅಲ್ಲಿ ಸಿಗುತ್ತಿದ್ದುದು ಜೋಳದ ನುಚ್ಚು, ಮಜ್ಜಿಗೆ, ಶೇಂಗಾ ಚಟ್ನಿ. ಕೆಲವು ದಿನ ಅಂಬಲಿ. ಹಸಿವಿಲ್ಲವೆಂಬ ಮಾತನ್ನು ಅಲ್ಲಿ ಯಾರ ಬಾಯಿಂದಲೂ ಕೇಳಿದ ನೆನಪಿಲ್ಲ. ಇದನ್ನು ಆಹಾರದ ಹೆಚ್ಚುಗಾರಿಕೆ ಎಂದು ನಾನು ಬಹುಕಾಲ ತಿಳಿದಿದ್ದೆ. ಈಗ ಯೋಚಿಸಿದರೆ ಕಾರಣ ಬೇರೆಯೇ ಕಾಣುತ್ತದೆ. ನಾವು ರಾತ್ರಿ ಏಳಕ್ಕೆ ಉಂಡು ಒಂಬತ್ತಕ್ಕೆ ಮಲಗುತ್ತಿದ್ದೆವು. ಬೆಳಗಿನ ಪಂಕ್ತಿಗೂ ಹಿಂದಿನ ಊಟಕ್ಕೂ ನಡುವೆ ಹನ್ನೆರಡು ಗಂಟೆಗಳಿಗೂ ಮೀರಿದ ಬಿಡುವು. ಅಲ್ಲದೆ ಎದ್ದ ಮೇಲೆ ಎರಡು-ಮೂರು ಗಂಟೆ ಮೈ ಓಡಾಡಿರುತ್ತಿತ್ತು. ಇಂದಿನ ಮನೆಗಳಲ್ಲಿ ದೂರದರ್ಶನದ ಧಾರಾವಾಹಿ ಮುಗಿದು ತಟ್ಟೆ ಹಾಕುವ ಹೊತ್ತಿಗೆ ಹತ್ತು ಗಂಟೆ. ಎಣ್ಣೆ-ಕೊಬ್ಬಿನ ಅಡುಗೆ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆರು ಗಂಟೆಗೆ ಎದ್ದವನಿಗೆ ಏಳಕ್ಕೆ ಹಸಿವಾಗಬೇಕೆಂದರೆ ಎಲ್ಲಿಂದ ಆದೀತು? ಹಿಂದೆ ಉಂಡುದು ಜೀರ್ಣವಾದ ಮೇಲೆಯೇ ಉಣ್ಣಬೇಕು, ಬಿಸಿಯಾದುದನ್ನು ಉಣ್ಣಬೇಕು, ಅಳತೆಯರಿತು ಉಣ್ಣಬೇಕು ಎಂದು ಚರಕ ಸಂಹಿತೆಯ ವಿಮಾನಸ್ಥಾನ ವಿಧಿಸುತ್ತದೆ.

ಹಾಗೆಂದು ಹಸಿವಿಲ್ಲದವರೆಲ್ಲರೂ ತಪ್ಪಿತಸ್ಥರೆಂದು ತಿಳಿಯಬೇಕಾಗಿಲ್ಲ. ೨೦೧೩ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ ಹನ್ನೆರಡು ಜನ ಆರೋಗ್ಯವಂತರನ್ನು ಮಂದ ಬೆಳಕಿನ ಕೋಣೆಗಳಲ್ಲಿ ಹಲವು ದಿನ ಇರಿಸಿ, ಅವರ ನಿದ್ರೆ-ಊಟಗಳ ವೇಳೆಯನ್ನು ಸರಿಸುತ್ತ ಹೋಗಿ ಹಸಿವನ್ನು ಅಳೆದರು. ಊಟ ಯಾವಾಗಲೇ ಆಗಿರಲಿ, ದೇಹದೊಳಗಿನ ಗಡಿಯಾರದ ಲೆಕ್ಕದಲ್ಲಿ ಹಸಿವು ಬೆಳಗಿನ ಎಂಟರ ಸುಮಾರಿಗೆ ಅತ್ಯಂತ ಕಡಿಮೆ, ರಾತ್ರಿ ಎಂಟರ ಸುಮಾರಿಗೆ ಅತ್ಯಂತ ಹೆಚ್ಚು ಎಂದು ಕಂಡುಬಂದಿತು. ಹನ್ನೆರಡೇ ಜನರ ಲೆಕ್ಕವಾದರೂ ನಮ್ಮ ಅನುಭವಕ್ಕೆ ಅದು ಹೊಂದುತ್ತದೆ. ರಾತ್ರಿಯ ದೀರ್ಘ ಉಪವಾಸದ ಬಳಿಕವೂ ಬೆಳಗ್ಗೆ ನಾಲಗೆ ಒಲ್ಲೆನ್ನುವುದು ಶರೀರದ ಸಹಜ ಸ್ವಭಾವವೇ ಆಗಿರಬಹುದು. ಆದುದರಿಂದ ಮಕ್ಕಳನ್ನು ಬೈದು ಉಣ್ಣಿಸುವುದು ವ್ಯರ್ಥ. ಮಠದಲ್ಲಿ ನಮಗೆ ತಟ್ಟೆಯಲ್ಲಿ ಅಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕೆಂದು ಕಲಿಸಿದ್ದರು. ಆ ಶಿಸ್ತನ್ನು ಹಿರಿಯರು ಮನೆಗೆ ತಂದು, ಮಗುವಿನ ತಟ್ಟೆಗೆ ತಾವೇ ಮೂರು ಇಡ್ಲಿ ಹಾಕಿ ಬಿಡಬಾರದೆಂದು ಕಣ್ಣು ಕೆಂಪು ಮಾಡುವುದನ್ನು ನೋಡಿದ್ದೇನೆ. ಬಡಿಸುವ ಕೈಗೂ ಶಿಸ್ತು ಬೇಡವೆ? ಒಂದೇ ಹಾಕಿ, ಬೇಕೆಂದರೆ ಮಗು ಕೇಳುತ್ತದೆ.

ಹಸಿವನ್ನು ಕೊಲ್ಲುವ ಇನ್ನೊಂದು ವಸ್ತು ಖಾಲಿ ಹೊಟ್ಟೆಯ ಚಹಾ. ಸಕ್ಕರೆ ಮತ್ತು ಹಾಲು ಕೂಡಿದ ಎರಡು ಲೋಟ ಚಹಾ, ಜೊತೆಗೆ ನಾಲ್ಕು ಬಿಸ್ಕತ್ತು ಎಂದರೆ ಹಸಿವು ಅಡಗುತ್ತದೆ, ಆದರೆ ಆಧಾರ ದೊರೆಯುವುದಿಲ್ಲ. ನಾಲ್ಕು ಚಿಕ್ಕ ಬಿಸ್ಕತ್ತುಗಳಲ್ಲಿ ಎರಡು ಗ್ರಾಂ ಸಸಾರಜನಕವೂ ಸಿಗದು. ಮೈದಾ-ಸಕ್ಕರೆ ಬೇಗ ರಕ್ತಕ್ಕೆ ಸೇರಿ ಬೇಗ ಮುಗಿಯುತ್ತವೆ. ಹನ್ನೊಂದು ಗಂಟೆಯ ಸಿಡುಕಿಗೆ ಇದೂ ಒಂದು ಕಾರಣ. ಚಹಾದ ಒಗರು ಧಾನ್ಯದಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ತಿಂಡಿಗೂ ಚಹಾಕ್ಕೂ ನಡುವೆ ಒಂದು ಗಂಟೆ ಅಂತರವಿಟ್ಟುಕೊಳ್ಳುವುದು ಲೇಸು. ಚಹಾ ಬಿಡಿ ಎಂದು ನಾನು ಹೇಳಲಾರೆ, ನಾನೇ ಬಿಟ್ಟಿಲ್ಲ. ಎದ್ದ ಕೂಡಲೇ ಒಂದು ಲೋಟ ಬೆಚ್ಚನೆಯ ನೀರು, ಸ್ವಲ್ಪ ನಡಿಗೆ ಅಥವಾ ಅಂಗಳದ ಕೆಲಸ, ಆಮೇಲೆ ಮೊದಲ ಆಹಾರ. ಚಹಾ ಅದರ ಹಿಂದೆ ಬರಲಿ.

ಇನ್ನು ಪ್ರಶ್ನೆಯ ತಿರುಳಿಗೆ ಬರೋಣ. ಶೋಧನ ಚಿಕಿತ್ಸೆಯಿಂದ ಅಗ್ನಿ ಮಂದವಾದವನಿಗೆ ಆಹಾರ ಕೊಡುವ ಕ್ರಮವನ್ನು ಚರಕ ಸಂಹಿತೆಯ ಸಿದ್ಧಿಸ್ಥಾನ ವಿವರಿಸುತ್ತದೆ. ಮೊದಲು ಪೇಯಾ, ಅಂದರೆ ಕುಡಿಯಬಹುದಾದ ತಿಳಿ ಗಂಜಿ. ಅನಂತರ ವಿಲೇಪಿ, ಅಂದರೆ ದಪ್ಪ ಗಂಜಿ. ಆಮೇಲೆ ಬೇಳೆಕಾಳುಗಳ ಕಟ್ಟು. ಸಣ್ಣ ಕಿಡಿಗೆ ಹುಲ್ಲು, ಬೆರಣಿ ಒಡ್ಡಿ ಮೆಲ್ಲಮೆಲ್ಲನೆ ದೊಡ್ಡದು ಮಾಡುವಂತೆ ಎಂಬ ಹೋಲಿಕೆಯನ್ನೂ ಕೊಡುತ್ತದೆ. ರೋಗಿಗೆ ಹೇಳಿದ ದಿನಗಳ ಕ್ರಮವನ್ನು ನಾವು ಒಂದೇ ಬೆಳಗಿಗೆ ಅಳವಡಿಸಿಕೊಂಡರೆ ತಪ್ಪೇನೂ ಇಲ್ಲ. ಏಳು ಗಂಟೆಗೆ ಕುಡಿಯುವಂಥದ್ದು, ಒಂಬತ್ತು-ಒಂಬತ್ತೂವರೆಗೆ ಅಗಿಯುವಂಥದ್ದು. ಉಪಾಹಾರ ಒಂದೇ ಕುಳಿತಲ್ಲಿ ಮುಗಿಯಬೇಕೆಂಬ ನಿಯಮವೇನಿದೆ?

ಕುಡಿಯುವುದರಲ್ಲಿ ಅಂಬಲಿಗೆ ಸಮನಾದುದನ್ನು ನಾನು ಕಂಡಿಲ್ಲ. ಒಬ್ಬರಿಗೆ ಎರಡು ದೊಡ್ಡ ಚಮಚ ರಾಗಿ ಅಥವಾ ಜೋಳದ ಹಿಟ್ಟನ್ನು ರಾತ್ರಿಯೇ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಮುಚ್ಚಿಡಬೇಕು. ಬೆಳಗ್ಗೆ ಅದು ತುಸು ಹುಳಿ ಬಂದಿರುತ್ತದೆ. ಕುದಿಯುವ ನೀರಿಗೆ ಸುರಿದು ತಿರುವುತ್ತ, ಹಸಿವಾಸನೆ ಹೋಗುವವರೆಗೆ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಜೀರಿಗೆ, ಒಂದು ಚೂರು ಶುಂಠಿ. ಶುಂಠಿ-ಜೀರಿಗೆಯ ಪರಿಮಳ ನಾಲಗೆಯನ್ನು ಎಬ್ಬಿಸುತ್ತದೆ; ಸಿಹಿ ಹಾಕಿದರೆ ಈ ಗುಣ ಬರುವುದಿಲ್ಲ. ಮಗುವಿಗೆ ಹುಳಿ ಸೇರದಿದ್ದರೆ ಹಾಲಿನಲ್ಲಿ ಮಾಡಿಕೊಡಬಹುದು. ನಮ್ಮ ರಾಜ್ಯದ ಶಾಲೆಗಳಲ್ಲಿ ೨೦೧೩ರಲ್ಲಿ ಕ್ಷೀರಭಾಗ್ಯದ ಹಾಲು ಆರಂಭವಾಯಿತು. ೨೦೨೪ರಲ್ಲಿ ಅದರೊಡನೆ ರಾಗಿ ಮಾಲ್ಟ್ ಸೇರಿತು. ಬೆಳಗಿನ ಹೊತ್ತು ಕುಡಿಯುವ ಆಹಾರ ಮಕ್ಕಳಿಗೆ ಸುಲಭವಾಗಿ ಇಳಿಯುತ್ತದೆಂಬುದನ್ನು ಅಲ್ಲಿಯ ಯಾವ ಗುರುಗಳನ್ನು ಕೇಳಿದರೂ ಹೇಳಿಯಾರು.

ಆದರೆ ಅಂಬಲಿಯೊಂದೇ ಸಾಲದು. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ ನಿಜ. ಸಸಾರಜನಕ ಮಾತ್ರ ಸುಮಾರು ೭ ಗ್ರಾಂ. ಎರಡು ಚಮಚ ಹಿಟ್ಟಿನಿಂದ ಎಷ್ಟು ಬಂದೀತು? ಹಸಿವನ್ನು ಮಧ್ಯಾಹ್ನದವರೆಗೆ ತಡೆದು ನಿಲ್ಲಿಸುವುದು ಸಸಾರಜನಕ ಮತ್ತು ನಾರು. ಆದುದರಿಂದ ಅಂಬಲಿಯ ಬೆನ್ನಿಗೆ ಕಾಳು ಬರಬೇಕು. ಒಂದು ಹಿಡಿ, ಎಂದರೆ ೩೦ ಗ್ರಾಂ ಶೇಂಗಾದಲ್ಲಿ ೭ ಗ್ರಾಂ ಸಸಾರಜನಕವಿದೆ. ರಾತ್ರಿ ನೆನೆಹಾಕಿದರೆ ಅಗಿಯಲು ಮೃದು. ಪುಟಾಣಿಯ ಹಿಟ್ಟನ್ನು ಅಂಬಲಿಗೇ ಕದಡಬಹುದು. ಮೊಳಕೆ ಬಂದ ಹೆಸರುಕಾಳನ್ನು ಹಬೆಯಲ್ಲಿ ಮೆತ್ತಗಾಗಿಸಿ, ನಿಂಬೆರಸ ಹಿಂಡಿ, ಮೂರು-ನಾಲ್ಕು ಚಮಚವಷ್ಟೇ ತಿನ್ನಲಿ. ನಿಂಬೆಯ ಹುಳಿ ಕಬ್ಬಿಣಾಂಶವನ್ನು ದೇಹ ಹೀರಲು ನೆರವಾಗುತ್ತದೆ. ಅವಲಕ್ಕಿಗೆ ನಿಂಬೆ ಹಿಂಡುವ ನಮ್ಮ ಹಿರಿಯರ ರೂಢಿ ಅರ್ಥವುಳ್ಳದ್ದು. ಒಂದು ಇಡ್ಲಿಯನ್ನು ಬಟ್ಟಲು ತುಂಬ ಬೇಳೆ ಇರುವ ಸಾಂಬಾರಿನೊಡನೆ ತಿಂದರೆ, ನೀರು ಚಟ್ನಿಯಲ್ಲಿ ಅದ್ದಿದ ಮೂರು ಇಡ್ಲಿಗಿಂತ ಹೆಚ್ಚು ಹೊತ್ತು ಆಧಾರವಾಗುತ್ತದೆ. ಉತ್ತರದ ಜಿಲ್ಲೆಗಳವರಿಗೆ ತಂಗಳ ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ನೆನೆಸಿ, ಮೇಲೆ ಗುರೆಳ್ಳು ಅಥವಾ ಅಗಸೆಯ ಚಟ್ನಿಪುಡಿ ಉದುರಿಸಿಕೊಳ್ಳುವುದನ್ನು ನಾನು ಕಲಿಸಬೇಕಾಗಿಲ್ಲ. ಏಳಕ್ಕೆ ಏನೂ ಬೇಡವೆನ್ನುವ ಮಗಳಿಗೆ ಇದನ್ನೇ ಡಬ್ಬಿಯಲ್ಲಿ ಕಟ್ಟಿಕೊಡಿ. ಶಾಲೆಯ ಮೊದಲ ಬಿಡುವಿನಲ್ಲಿ ತಿಂದಾಳು. ಒಗ್ಗರಣೆ ಹಾಕಿದ ಮಂಡಕ್ಕಿ ಮಾತ್ರ ನೋಡಲು ತಟ್ಟೆ ತುಂಬ, ತೂಕಕ್ಕೆ ಏನೂ ಇಲ್ಲ. ಅದಕ್ಕೆ ಶೇಂಗಾ, ಪುಟಾಣಿ ಧಾರಾಳವಾಗಿ ಬೀಳಬೇಕು.

ಸಕ್ಕರೆ ಕಾಯಿಲೆಯುಳ್ಳವರಿಗೆ ಒಂದು ಎಚ್ಚರಿಕೆ. ರಾಗಿಯೆಂದರೆ ಮಧುಮೇಹಕ್ಕೆ ಮದ್ದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನುಣ್ಣಗೆ ಬೀಸಿ ತೆಳ್ಳಗೆ ಬೇಯಿಸಿದ ಯಾವ ಹಿಟ್ಟಾದರೂ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬೆಲ್ಲ ಹಾಕಿದ ಮಾಲ್ಟ್ ಇನ್ನೂ ಹೆಚ್ಚು. ಅಂಥವರು ಅಂಬಲಿಯ ಪ್ರಮಾಣವನ್ನು ತಗ್ಗಿಸಿ ಕಾಳನ್ನು ಹೆಚ್ಚಿಸಿಕೊಳ್ಳಬೇಕು. ಹಿಟ್ಟಿಗಿಂತ ನುಚ್ಚು ಮೇಲು.

ಈ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತವನು. ನಾಲ್ಕು ವರ್ಷಗಳ ಹಿಂದೆ ನನಗೂ ಮಧುಮೇಹದ ಮಾತ್ರೆ ಆರಂಭವಾಯಿತು. ಬೆಳಗಿನ ಉಪಾಹಾರದೊಡನೆ ತೆಗೆದುಕೊಳ್ಳಿ ಎಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ಒಂದು ದಿನ ಉಪನ್ಯಾಸಕ್ಕಾಗಿ ಪರಸ್ಥಳಕ್ಕೆ ಹೋಗಬೇಕಾಗಿತ್ತು. ಮರೆತುಹೋದೀತೆಂದು ಆರು ಗಂಟೆಗೇ ಮಾತ್ರೆ ನುಂಗಿದೆ. ಪೂಜೆ ಮುಗಿಯುವಾಗ ಏಳೂವರೆ. ಹಸಿವಿರಲಿಲ್ಲ, ಸಕ್ಕರೆಯಿಲ್ಲದ ಕಾಫಿ ಕುಡಿದು ಬಸ್ಸು ಹತ್ತಿದೆ. ಒಂಬತ್ತೂವರೆಗೆ ಇಳಿದಾಗ ಮೈಯೆಲ್ಲ ಬೆವರು, ಕೈ ನಡುಕ, ಎದುರಿನ ಫಲಕದ ಅಕ್ಷರಗಳು ಕೂಡುತ್ತಿಲ್ಲ. ಅರವತ್ತು ದಾಟಿದವನಿಗೆ ತನ್ನ ಊರಿನ ಹೆಸರೇ ನಾಲಗೆಗೆ ಬರದಂತಾದಾಗ ಆಗುವ ಭಯವನ್ನು ಬರೆಯಲಾರೆ. ಬಾಳೆಹಣ್ಣು ಮಾರುತ್ತಿದ್ದ ತಾಯಿಯೊಬ್ಬಳು ಕೂರಿಸಿ, ತನ್ನ ಚಹಾದ ಲೋಟವನ್ನೇ ಬಾಯಿಗೆ ಹಿಡಿದಳು. ಅದರ ಸಿಹಿ ಆ ದಿನ ನನ್ನನ್ನು ಉಳಿಸಿತು. ತಪ್ಪು ಪೂರ್ತಿ ನನ್ನದು.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳಾಗಲಿ ಇನ್ಸುಲಿನ್ ಆಗಲಿ ಆಹಾರಕ್ಕಾಗಿ ಕಾಯುವುದಿಲ್ಲ. ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಪೂಜೆಗೆ ಮೊದಲು ಅನ್ನ ಮುಟ್ಟದ ನಿಯಮವುಳ್ಳ ಹಿರಿಯರು ನಮ್ಮಲ್ಲಿ ಬಹಳ. ಅವರು ತಮ್ಮ ಪೂಜೆಯ ಹೊತ್ತನ್ನು ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳಬೇಕು. ಹಸಿವಿಲ್ಲದ ದಿನ ಏನು ಮಾಡಬೇಕೆಂಬುದನ್ನೂ ಅಂದೇ ಕೇಳಿಡಬೇಕು. ಬೆವರು, ನಡುಕ, ಮಾತಿನ ತೊಡಕು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ. ಚೇತರಿಸಿದ ಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಅರುಚಿ ಕೆಲವೊಮ್ಮೆ ರೋಗದ ಮುನ್ಸೂಚನೆಯೂ ಹೌದು. ಹಲವು ವಾರ ಎಲ್ಲ ಹೊತ್ತಿನಲ್ಲಿಯೂ ಹಸಿವಿಲ್ಲದೆ ತೂಕ ಇಳಿಯುತ್ತಿದ್ದರೆ, ಆಹಾರ ಕಂಡರೆ ವಾಕರಿಕೆ ಬಂದು ಕಣ್ಣು ಹಳದಿಯಾಗಿದ್ದರೆ, ಕಾಲು ಬಾವು ಬರುತ್ತಿದ್ದರೆ ಅಂಬಲಿಯನ್ನು ನಂಬಿ ಕೂರಬಾರದು. ಮಕ್ಕಳಲ್ಲಿ ಜಂತುಹುಳುವೂ ಕಾರಣವಾಗಬಹುದು. ಅದಕ್ಕಾಗಿಯೇ ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶಾಲೆ-ಅಂಗನವಾಡಿಗಳಲ್ಲಿ ಮಾತ್ರೆ ಕೊಡುತ್ತಾರೆ, ತಪ್ಪಿಸಬೇಡಿ.

ಈಗ ಕಾಗದ ಬರೆದ ಸೋದರಿಯ ವಿಷಯ. ತಾಯಿ, ನೀವು ಎಷ್ಟು ಗಂಟೆಗೆ ಉಣ್ಣುತ್ತೀರಿ? ನಮ್ಮ ಮನೆಯಲ್ಲಿಯೇ ನನ್ನ ಸೊಸೆ ಮೂರು ವರ್ಷ ‘ಬೆಳಗ್ಗೆ ನನಗೆ ಹಸಿವಾಗುವುದಿಲ್ಲ ಮಾವಯ್ಯ’ ಎನ್ನುತ್ತಿದ್ದಳು, ನಾವೂ ನಂಬಿದ್ದೆವು. ಎಲ್ಲರ ಡಬ್ಬಿ ಕಟ್ಟಿ, ನನ್ನ ಪೂಜೆಗೆ ಅಣಿಮಾಡಿ, ಪಾತ್ರೆ ತೊಳೆದು, ಹನ್ನೊಂದಕ್ಕೆ ತಣ್ಣಗಾದ ಉಪ್ಪಿಟ್ಟಿನ ತಳ ಕೆರೆದು ತಿನ್ನುವವಳಿಗೆ ಹಸಿವು ಇರಲಿಲ್ಲವೋ, ಹೊತ್ತು ಇರಲಿಲ್ಲವೋ? ರಕ್ತ ಪರೀಕ್ಷೆಯಲ್ಲಿ ಅವಳ ಹಿಮೋಗ್ಲೋಬಿನ್ ೮ ಎಂದು ಬಂದ ದಿನ ನನಗೆ ತಲೆ ಎತ್ತಲಾಗಲಿಲ್ಲ. ವೈದ್ಯರು ಕಬ್ಬಿಣದ ಮಾತ್ರೆ ಬರೆದರು. ಮನೆಯಲ್ಲಿ ಆದ ಬದಲಾವಣೆ ಇಷ್ಟೇ: ರಾತ್ರಿ ಹಿಟ್ಟು ಕಲಸಿಡುವುದು ಮತ್ತು ಶೇಂಗಾ ನೆನೆಹಾಕುವುದು ನನ್ನ ಕೆಲಸ; ಬೆಳಗ್ಗೆ ಒಲೆಯಿಂದಿಳಿದ ಅಂಬಲಿಯ ಮೊದಲ ಲೋಟ ಅವಳದು, ನಿಂತು ಕುಡಿಯುವಂತಿಲ್ಲ, ಕುಳಿತೇ ಕುಡಿಯಬೇಕು. ಮೊದಲ ವಾರ ನಾಚಿ ಅರ್ಧ ಲೋಟ ಬಿಡುತ್ತಿದ್ದಳು. ಈಗ ಒಂಬತ್ತಕ್ಕೆ ತನಗೆ ಹಸಿವಾಯಿತೆಂದು ತಾನೇ ಹೇಳಿ ತಟ್ಟೆ ಹಾಕಿಕೊಳ್ಳುತ್ತಾಳೆ.