ಕತ್ತಲೆಯೂ ಒಂದು ಸಂಪತ್ತು

ಆಫ್ರಿಕಾ ಖಂಡದ ನಮೀಬಿಯಾ ದೇಶದ ಮರುಭೂಮಿಯಲ್ಲಿ ನಮಿಬ್‌ರ್ಯಾಂಡ್ ಎಂಬ ನಿಸರ್ಗಧಾಮವಿದೆ. ಅಲ್ಲಿಯ ವೈಭವದ ವಸತಿಗೃಹಗಳಲ್ಲಿ ತಂಗುವ ಸಿರಿವಂತರು ಹಣ ತೆತ್ತು ಪಡೆಯುವ ಸುಖಗಳಲ್ಲಿ ಕತ್ತಲೆಯೂ ಒಂದೆಂದರೆ ವಾಚಕರು ನಕ್ಕಾರು! ದೀಪಗಳನ್ನು ಹತೋಟಿಯಲ್ಲಿಟ್ಟು ನಕ್ಷತ್ರಗಳನ್ನು ಉಳಿಸಿಕೊಂಡುದಕ್ಕಾಗಿಯೇ ಆ ಧಾಮಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ನರಸಿಂಹರಾಜಪುರದ ಭದ್ರಾ ಹಿನ್ನೀರಿನ ದಡದಲ್ಲಿಯೂ, ಕೊಪ್ಪ ಶೃಂಗೇರಿಗಳ ತೋಟಗಳ ನಡುವೆಯೂ ಇಂದು ಪ್ರವಾಸಿಗರ ತಂಗುಮನೆಗಳಿವೆ. ಅವುಗಳಿಂದ ಹಲವರ ಜೀವನ ಸಾಗುತ್ತಿರುವುದು ಸಂತೋಷವೇ. ಆದರೆ ರಾತ್ರಿಯಿಡೀ ಆಕಾಶದತ್ತ ಬೆಳಕು ಚೆಲ್ಲುವ ಬಿಳಿಯ ದೀಪಗಳೇಕೆ? ಮೇಲೇರಿದ ಬೆಳಕು ಗಾಳಿಯ ಅಣುಗಳಿಗೂ ಮಲೆನಾಡಿನ ಮಂಜಿನ ಹನಿಗಳಿಗೂ ತಾಗಿ ಚದರುತ್ತದೆ. ಅಣುಗಳು ನೀಲಿ ಕಿರಣಗಳನ್ನು ಹೆಚ್ಚಾಗಿ ಚದರಿಸುವುದರಿಂದ, ನೀಲಿ ಬೆರೆತ ಬಿಳಿ ದೀಪದ ಹಾವಳಿ ಅಧಿಕ. ಹೀಗೆ ಚದರಿದ ಬೆಳಕೇ ಆಕಾಶಗಂಗೆಯನ್ನು ಮರೆಮಾಡುವ ತೆರೆ. ಮುಂಗಾರಿಗೆ ಮುನ್ನ ಮಿನುಗಿ ಸಂಗಾತಿಯನ್ನು ಕರೆಯುವ ಮಿಂಚುಹುಳುವಿಗೂ ಹೊರದೀಪಗಳು ಕಂಟಕವೇ.

ಪರಿಹಾರವು ದುಬಾರಿಯದಲ್ಲ: ಬೆಳಕು ನೆಲಕ್ಕಷ್ಟೇ ಬೀಳುವಂತೆ ದೀಪಕ್ಕೊಂದು ಮರೆ, ಮಂದವಾದ ಹಳದಿ ಬಲ್ಬು, ಮಲಗುವಾಗ ಆರಿಸುವ ಅಭ್ಯಾಸ. ಮರುಭೂಮಿಯು ಕಾಪಾಡಿಕೊಂಡ ನಕ್ಷತ್ರಗಳನ್ನು ಮಲೆನಾಡು ಕಳೆದುಕೊಳ್ಳಬೇಕೆ?