ಕಡಲ ಪಾಲಾದವರ ಹೆಸರು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಎರೆನೆಲದಲ್ಲಿ ನಿಂತು ಯುದ್ಧಕಾಲದ ಕಡಲಿನಲ್ಲಿ ಮಡಿದ ಮೀನುಗಾರರ ವಿಚಾರವನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ಒಂದು ಹೆಸರಿನ ಬೆಲೆ ಏನೆಂಬುದನ್ನು ಈ ಸೀಮೆ ಚೆನ್ನಾಗಿ ಬಲ್ಲುದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಮರೆಯಲ್ಲಿದ್ದ ಅರಸನು ಅಶೋಕನೇ ಎಂಬುದನ್ನು ಸ್ಥಿರಪಡಿಸಿದುದು 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಿಲಾಶಾಸನ. ಬಂಡೆಯ ಮೇಲಿನ ಒಂದು ಹೆಸರು ಚಕ್ರವರ್ತಿಯನ್ನು ಚರಿತ್ರೆಗೆ ಮರಳಿಸಿತು. ಅವನಿಗೆ ಸಂದ ಈ ಭಾಗ್ಯ ಸಾಮಾನ್ಯ ನಾವಿಕನಿಗೇಕೆ ಸಲ್ಲಬಾರದು?

ಎರಡು ಮಹಾಯುದ್ಧಗಳಲ್ಲಿಯೂ ಬ್ರಿಟನ್ ತನ್ನ ಮೀನುಗಾರರ ಟ್ರಾಲರುಗಳನ್ನು ನೌಕಾಸೇನೆಯ ಸೇವೆಗೆ ತೆಗೆದುಕೊಂಡಿತು. ಭಾರವಾದ ಬಲೆಯನ್ನೆಳೆಯುವ ಯಂತ್ರವೂ ಬಿರುಗಾಳಿಗೆ ಜಗ್ಗದ ಒಡಲೂ ಇದ್ದುದರಿಂದ, ಶತ್ರುಗಳು ನೀರಿನಲ್ಲಿ ಹುದುಗಿಸಿದ ಮೈನುಗಳನ್ನು ಗುಡಿಸಿ ತೆಗೆಯಲು ಅವು ತಕ್ಕವಾಗಿದ್ದವು. ನಿನ್ನೆ ಮೀನನ್ನು ಎಳೆದ ಕೈಗಳು ಇಂದು ಮೃತ್ಯುವನ್ನೇ ಎಳೆಯಬೇಕಾಯಿತು. ಸೇನೆಗೆ ಸೇರದೆ ಮೀನಿಗೆಂದೇ ಹೋದ ದೋಣಿಗಳನ್ನೂ ಜಲಾಂತರ್ಗಾಮಿಗಳು ಬಿಡಲಿಲ್ಲ. ಎರಡನೆಯ ಯುದ್ಧದ ಗಸ್ತುಪಡೆಯಲ್ಲಿ ಮಡಿದು, ಕಡಲಲ್ಲದೆ ಬೇರೆ ಸಮಾಧಿಯಿಲ್ಲದ ಸುಮಾರು 2,400 ಮಂದಿಯ ಹೆಸರುಗಳನ್ನು ಲೋಸ್ಟಾಫ್ಟ್ ಪಟ್ಟಣದ ಸ್ಮಾರಕವು 1953ರಿಂದ ಹೊತ್ತು ನಿಂತಿದೆ.

ಇಂಥವರ ಚರಿತ್ರೆಯನ್ನು ಅರಸುವುದು ತಾಳ್ಮೆಯ ಕೆಲಸ. ಬಂದರಿನ ದಾಖಲೆ, ನಾವಿಕರ ಪಟ್ಟಿ, ಶತ್ರುನೌಕೆಯ ದಿನಚರಿ, ಆ ದಿನದ ಹವೆಯ ವರದಿ, ಊರಿನ ಹಳೆಯ ಪತ್ರಿಕೆ, ಇವೆಲ್ಲವನ್ನೂ ಒಂದಕ್ಕೊಂದು ತಾಳೆ ನೋಡಬೇಕು. ಶಾಸನದ ಮುಕ್ಕಾದ ಅಕ್ಷರಗಳನ್ನು ಕೂಡಿಸಿ ಓದುವ ವಿದ್ವಾಂಸನ ಶ್ರಮಕ್ಕೂ ಈ ಶ್ರಮಕ್ಕೂ ಭೇದವಿಲ್ಲ. ‘ಕಾಣೆಯಾದನು’ ಎಂಬ ಒಂದೇ ಮಾತನ್ನು ಆಧರಿಸಿ ಬಾಳು ಸವೆಸಿದ ಮನೆಗೆ ದಿನವನ್ನೂ ಸ್ಥಳವನ್ನೂ ತಿಳಿಸಿಕೊಡುವುದು ಪಾಂಡಿತ್ಯ ಮಾತ್ರವಲ್ಲ, ಋಣಸಂದಾಯ.

ಈ ಋಣ ಪರದೇಶದವರದೆಂದು ನಾವು ಸುಮ್ಮನಿರುವಂತಿಲ್ಲ. ಬ್ರಿಟಿಷ್ ಹಡಗುಗಳ ಒಲೆಗೆ ಕಲ್ಲಿದ್ದಲು ತುಂಬಿದವರಲ್ಲಿ, ಹಗ್ಗವೆಳೆದವರಲ್ಲಿ, ಅಡುಗೆ ಮಾಡಿದವರಲ್ಲಿ ‘ಲಸ್ಕರ’ರೆಂದು ಕರೆಯಿಸಿಕೊಂಡ ಭಾರತೀಯರು ಸಾವಿರಾರು. ಎರಡನೆಯ ಯುದ್ಧದಲ್ಲಿ ಕಡಲ ಪಾಲಾದ ಸುಮಾರು 6,000 ಭಾರತೀಯ ವಾಣಿಜ್ಯ ನಾವಿಕರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗ್‌ಗಳ ಸ್ಮಾರಕಗಳ ನಾಮಾವಳಿಯಲ್ಲಿವೆ. ಕನ್ನಡ ಕರಾವಳಿಯ ಕಣ್ಣಿನಿಂದ ಆ ನಾಮಾವಳಿಯನ್ನು ಓದುವವರು ಬೇಕು. ನಮ್ಮ ಊರ ಹೆಸರು, ಮನೆತನದ ಹೆಸರು ಪರಕೀಯ ಗುಮಾಸ್ತನ ಲೇಖನಿಯಲ್ಲಿ ಯಾವ ರೂಪ ತಾಳುತ್ತದೆಂಬುದನ್ನು ಆ ನುಡಿಯವನಲ್ಲದೆ ಯಾರು ಗುರುತಿಸಿಯಾರು?

ಶಾಂತಿಕಾಲದಲ್ಲಿಯೇ ಈ ಶೋಧ ಸುಲಭವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಮಾಲವಣದ ಆಚೆ ಕಡಲತಳದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗಿಗೆ ಗೋಚರವಾದುದು 2019ರ ಮೇ ತಿಂಗಳ ಆರಂಭದ ಹೊತ್ತಿಗೆ. ಯಂತ್ರಸಾಧನಗಳಿಂದ ತುಂಬಿದ ಈ ಯುಗದಲ್ಲಿಯೂ ಆ ಮನೆಗಳವರು ನಾಲ್ಕು ತಿಂಗಳಿಗೂ ಮಿಕ್ಕಿ ಬಾಗಿಲು ನೋಡುತ್ತ ಕುಳಿತರು. ಹಾಗಾದರೆ ವರ್ತಮಾನವನ್ನೇ ಮುಚ್ಚಿಡುತ್ತಿದ್ದ ಯುದ್ಧದ ದಿನಗಳಲ್ಲಿ ಕಾದವರ ಗತಿಯೇನು?

ತುರುಗಾಳಗದಲ್ಲಿ ಮಡಿದ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ ಸಂಸ್ಕೃತಿ ನಮ್ಮದು. ಮುಂಬಯಿಯ ಬೋರಿವಲಿಯ ಬಳಿ ಎಕ್ಸರಿನ ವೀರಗಲ್ಲುಗಳಲ್ಲಿ ಹಡಗಿನ ಕಾಳಗವೇ ಕಡೆಯಲ್ಪಟ್ಟಿದೆ. ಆದರೆ ಕಲ್ಲನ್ನು ನೆಡಲು ನೆಲ ಬೇಕು. ಕಡಲಲ್ಲಿ ಮಡಿದವನಿಗೆ ಕಾಗದವೇ ಕಲ್ಲು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಊರ ವೀರಗಲ್ಲುಗಳನ್ನು ಪ್ರತಿ ಮಾಡಿಕೊಳ್ಳಲು ಕಲಿಯಲಿ. ಕಾರವಾರ, ಉಡುಪಿ, ಮಂಗಳೂರುಗಳ ವಿದ್ಯಾರ್ಥಿಗಳು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿರಬಹುದಾದ ಹಡಗಿನ ಸೇವಾಪುಸ್ತಕಗಳನ್ನೂ ಕಾಗದಗಳನ್ನೂ ನೋಡಲಿ, ಮುದುಕರ ಬಾಯಿಮಾತನ್ನು ಬರೆದುಕೊಳ್ಳಲಿ. ಅಧ್ಯಾಪಕರು ಇದನ್ನು ಪದವಿಯ ಹಂಗಿಲ್ಲದ ವಿದ್ಯೆಯೆಂದು ಬಗೆದು ಮುಂದೆ ನಡೆಯಲಿ.

ಬಂಡೆ ಸಾವಿರಾರು ವರ್ಷ ಕಾಯಬಲ್ಲುದು. ಕಾಗದವೂ ನೆನಪೂ ಅಷ್ಟು ಕಾಲ ಕಾಯಲಾರವು.