ಮೆಟ್ರೋ ಟಾಕೀಸಿನಲ್ಲಿ ಕೂತಿದ್ದ ಹೆಂಡತಿ ಮಕ್ಕಳು



ಕೊಲೆ ಕಥೆಯ ಚಿತ್ರ ಅಂದರೆ ನಮಗೆಲ್ಲ ಎಲ್ಲಿಲ್ಲದ ಉತ್ಸಾಹ. ಪಿಸ್ತೂಲು ಸಿಡೀಬೇಕು, ಪೊಲೀಸ್ ಜೀಪು ಬರಬೇಕು, ಕೋರ್ಟ್ ಸೀನಿನಲ್ಲಿ ವಕೀಲ ಟೇಬಲ್ ಗುದ್ದಬೇಕು. ಕಟಕಟೆಯಲ್ಲಿ ನಿಂತ ಹೀರೋ ಒಂದೇ ಒಂದು ಡೈಲಾಗ್ ಬಿಟ್ಟರೆ ಸಾಕು, ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ!

ಆದರೆ ಒಂದು ಪ್ರಶ್ನೆ. ಹೀರೋನ ಕೈಗೆ ಬೇಡಿ ಬಿದ್ದ ಮಾರನೇ ದಿನ ಬೆಳಿಗ್ಗೆ ಅವನ ಹೆಂಡತಿ ಹಾಲು ತರೋಕೆ ಹೋದಾಗ ಬೀದಿಯವರು ಏನಂದರು? ಮಗ ಸ್ಕೂಲಿಗೆ ಹೋದಾಗ ಪಕ್ಕದ ಬೆಂಚಿನ ಹುಡುಗ ಏನಂದ? ಆ ಸೀನನ್ನು ಡೈರೆಕ್ಟರುಗಳು ತೆಗೆಯೋದು ಕಡಿಮೆ. ತೆಗೆದರೂ ಅಷ್ಟು ಹೊತ್ತಿಗೆ ನಾವು ಒಂದು ದಮ್ ಎಳೆಯೋಕೆ ಹೊರಗೆ ಹೋಗಿರ್ತೀವಿ. ಈ ವಾರ ಆ ಸೀನಿನ ಮಾತು.

ಮೊದಲು ಬೊಂಬಾಯಿಗೆ ಹೋಗೋಣ. 1959ರ ಏಪ್ರಿಲ್ 27.

ಕಮಾಂಡರ್ ಕಾವಸ್ ನಾನಾವತಿ ನೌಕಾಪಡೆಯ ಅಧಿಕಾರಿ. ನಮ್ಮ ಮೈಸೂರಿನ ಹೆಸರು ಹೊತ್ತ ‘ಐ.ಎನ್.ಎಸ್. ಮೈಸೂರ್’ ಯುದ್ಧನೌಕೆಯಲ್ಲಿ ಕ್ಯಾಪ್ಟನ್ ಬಿಟ್ಟರೆ ಈತನೇ. ಹೆಂಡತಿ ಸಿಲ್ವಿಯಾ, ಇಂಗ್ಲೆಂಡಿನ ಹೆಣ್ಣುಮಗಳು. ಮೂವರು ಮಕ್ಕಳು. ಗಂಡ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದಾಗ ಪ್ರೇಮ್ ಆಹುಜಾ ಎಂಬ ಕಾರು ವ್ಯಾಪಾರಿಯ ಜೊತೆ ಆಕೆಗೆ ಸಂಬಂಧ ಬೆಳೆದಿತ್ತು. ಆ ದಿನ ಗಂಡನ ಎದುರು ಆಕೆ ಅದನ್ನು ಒಪ್ಪಿಕೊಂಡಳು.

ಮುಂದೆ ನಡೆದದ್ದನ್ನು ಗಮನಿಸಿ. ನಾನಾವತಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಪಕ್ಕದ ಮನೆಯ ಒಂದು ಮಗುವನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮೆಟ್ರೋ ಟಾಕೀಸಿನ ಮುಂದೆ ಇಳಿಸಿದ. ಮ್ಯಾಟನಿ ಷೋ. ಚಿತ್ರ ‘ಟಾಮ್ ಥಂಬ್’, ಹೆಬ್ಬೆರಳು ಗಾತ್ರದ ಹುಡುಗನ ಕಥೆ, ಮಕ್ಕಳ ಚಿತ್ರ. ಆಟ ಬಿಟ್ಟಾಗ, ಆರು ಗಂಟೆಗೆ, ಬಂದು ಕರಕೊಂಡು ಹೋಗ್ತೀನಿ ಅಂತ ಹೇಳಿದ. ಅಲ್ಲಿಂದ ನೇರ ಹಡಗಿಗೆ. ಸುಳ್ಳು ನೆಪ ಹೇಳಿ ಒಂದು ರಿವಾಲ್ವರ್, 6 ಗುಂಡು ತಗೊಂಡ. ಆಹುಜಾನ ಮನೆಗೆ ಹೋದ. ಗುಂಡು ಹಾರಿದವು, ಆಹುಜಾ ಸತ್ತ. ನಾನಾವತಿ ತಾನಾಗೇ ಹೋಗಿ ಪೊಲೀಸರಿಗೆ ಶರಣಾದ.

ಅತ್ತ ಟಾಕೀಸಿನ ಕತ್ತಲಲ್ಲಿ ಆ ಮಕ್ಕಳು ಏನೂ ಅರಿಯದೆ ಪರದೆ ನೋಡ್ತಾ ಕೂತಿದ್ದರು. ಒಳಗೆ ಹೋಗುವಾಗ ಒಬ್ಬ ಕಮಾಂಡರನ ಮಕ್ಕಳು. ಆಟ ಬಿಡೋ ಹೊತ್ತಿಗೆ ಕೊಲೆ ಆರೋಪಿಯ ಮಕ್ಕಳು. ಒಂದು ಮ್ಯಾಟನಿ ಮುಗಿಯುವಷ್ಟರಲ್ಲಿ!

ಆಮೇಲೆ ಶುರುವಾಯಿತು ನೋಡಿ ಜಾತ್ರೆ. ಕರಂಜಿಯಾ ಸಂಪಾದಕರಾಗಿದ್ದ ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯ ಪರ ಟೊಂಕ ಕಟ್ಟಿ ನಿಂತಿತು. 25 ಪೈಸೆಯ ಪತ್ರಿಕೆ 2 ರೂಪಾಯಿಗೆ ಕೈ ಬದಲಾಯಿತು. ಬ್ಲ್ಯಾಕ್ ಟಿಕೆಟ್ ಇದ್ದ ಹಾಗೆ ಬ್ಲ್ಯಾಕ್ ಪತ್ರಿಕೆ! ಸಾಯುವಾಗ ಆಹುಜಾ ಟವೆಲ್ ಸುತ್ತಿಕೊಂಡಿದ್ದ ಅನ್ನೋದು ಕೋರ್ಟಿನಲ್ಲಿ ದೊಡ್ಡ ವಾದದ ವಿಷಯವಾಗಿತ್ತು. ಬೀದಿ ವ್ಯಾಪಾರಿಗಳು ‘ಆಹುಜಾ ಟವೆಲ್’ ಅಂತ ಕೂಗಿ ಮಾರಿದರು. ಮಕ್ಕಳ ಆಟಕ್ಕೆ ‘ನಾನಾವತಿ ರಿವಾಲ್ವರ್’ ಬಂತು. ನಾನಾವತಿಯನ್ನು ನೋಡೋಕೆ ಕೋರ್ಟಿನ ಮುಂದೆ ಜನ ಮುಗಿಬಿದ್ದರು. ಹೆಣ್ಣುಮಕ್ಕಳು ನೂರರ ನೋಟಿಗೆ ತುಟಿಯ ಬಣ್ಣ ಒತ್ತಿ ಎಸೆದರು ಅಂತ ಆ ಕಾಲದ ಬಗ್ಗೆ ಬರೆದವರು ಹೇಳ್ತಾರೆ.

ಆ ಆಟಿಕೆ ರಿವಾಲ್ವರನ್ನು ಅದೇ ಊರಿನ ಯಾವುದೋ ಹುಡುಗ ನಾನಾವತಿಯ ಮಕ್ಕಳ ಮುಂದೆ ಹಿಡಿದು ಢಂ ಅಂದಿದ್ದರೆ? ಮಾರಿದವನೂ ಇದನ್ನ ಯೋಚಿಸಲಿಲ್ಲ, ಕೊಂಡವನೂ ಯೋಚಿಸಲಿಲ್ಲ.

ಗಂಡನಿಗೆ ಹೀರೋ ಪಾತ್ರ ಸಿಕ್ಕಿತು, ಸರಿ. ಹೆಂಡತಿಗೆ? ನಮ್ಮ ಚಿತ್ರಗಳಲ್ಲಿ ಹೆಂಡತಿಗೆ ಇರೋದೇ ಎರಡು ಪಾತ್ರ. ಒಂದು, ಮಾಂಗಲ್ಯ ಕಣ್ಣಿಗೊತ್ತಿಕೊಂಡು ದೇವರ ಮುಂದೆ ಗಂಟೆ ಬಾರಿಸೋ ಸತಿ. ಇನ್ನೊಂದು ವ್ಯಾಂಪ್. ಸಿಲ್ವಿಯಾಗೆ ಎರಡನೇದನ್ನೇ ಕೊಟ್ಟರು. ಆಕೆ ಆಹುಜಾಗೆ ಬರೆದಿದ್ದ ಪತ್ರಗಳನ್ನು ಕೋರ್ಟಿನಲ್ಲಿ ಓದಿದರು. ಅದೇ ಕೋರ್ಟಿನಲ್ಲಿ ಆಕೆ ಗಂಡನ ಪರವಾಗಿ ಸಾಕ್ಷಿ ಹೇಳಿದಳು. ಪತ್ರ ಕೋರ್ಟಿಗೆ ಬೇಕಿತ್ತು, ಒಪ್ಪೋಣ. ಬೀದಿಗೆ ಯಾಕೆ ಬೇಕಿತ್ತು?

ಕೇಸು ಎಲ್ಲಿಗೆ ಮುಟ್ಟಿತು ಅಂತೀರಾ? ಆಗ ಜ್ಯೂರಿ ಪದ್ಧತಿ. 9 ಜನರಲ್ಲಿ 8 ಮಂದಿ ನಿರ್ದೋಷಿ ಅಂದರು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1960ರ ಮಾರ್ಚಿನಲ್ಲಿ ಬೊಂಬಾಯಿ ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 1964ರಲ್ಲಿ ಗವರ್ನರ್ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಅದಕ್ಕೆ ಮುಂಚೆ ಸತ್ತ ಆಹುಜಾನ ಸೋದರಿಯಿಂದ ನನ್ನ ಅಭ್ಯಂತರ ಇಲ್ಲ ಅಂತ ಬರೆಸಿಕೊಂಡಿದ್ದರು. ಅಣ್ಣತಮ್ಮಂದಿರನ್ನು ಕಳಕೊಂಡವರ ನೋವು ಏನು ಅಂತ ಗೊತ್ತಿದ್ದವರಿಗೆ ಆ ಸಹಿಯ ಭಾರ ಗೊತ್ತಾಗುತ್ತೆ. ಆಕೆಗೆ ಯಾರೂ ಹಾರ ಹಾಕಲಿಲ್ಲ, ಆಕೆಯ ಹೆಸರಿನ ಆಟಿಕೆಯೂ ಬರಲಿಲ್ಲ.

1968ರಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲ ಸೇರಿ ಕೆನಡಾಕ್ಕೆ ಹೋದರು. ನಾನಾವತಿ 2003ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ. ಹೌದು ಸ್ವಾಮಿ, ಗಂಡ ಹೆಂಡತಿ ಒಟ್ಟಿಗೇ ಬಾಳಿದರು! ಇಡೀ ದೇಶ ಯಾರ ಮನೆ ಮುರಿಯಿತು ಅಂತ ತೀರ್ಮಾನ ಮಾಡಿತ್ತೋ, ಆ ಮನೆ ಮುರಿಯಲಿಲ್ಲ. ಅವರವರ ತಪ್ಪು ಅವರವರೇ ಕೂತು ಮಾತಾಡಿಕೊಂಡರು. ಅದಕ್ಕೆ ಅವರಿಗೆ ಬೇಕಾದದ್ದು ಯಾರೂ ಗುರುತು ಹಿಡಿಯದ ಒಂದು ಊರು, ಅಷ್ಟೇ.

ಸಿನಿಮಾದವರು ಬಿಟ್ಟರೇ? 1963ರಲ್ಲಿ ಸುನಿಲ್ ದತ್, ಲೀಲಾ ನಾಯ್ಡು ಅಭಿನಯದ ‘ಯೇ ರಾಸ್ತೆ ಹೈ ಪ್ಯಾರ್ ಕೇ’ ಬಂತು. ಆಗಿನ್ನೂ ಕ್ಷಮಾದಾನ ಸಿಕ್ಕಿರಲಿಲ್ಲ! 1973ರಲ್ಲಿ ಗುಲ್ಜಾರ್ ‘ಅಚಾನಕ್’ ತೆಗೆದರು, ವಿನೋದ್ ಖನ್ನಾ ನಾಯಕ. ಅದರಲ್ಲಿ ನಾಯಕ ಹೆಂಡತಿಯನ್ನೂ ಕೊಲ್ತಾನೆ. ನಿಜವಾದ ಹೆಂಡತಿ ಕೆನಡಾದಲ್ಲಿ ಮಕ್ಕಳನ್ನು ಬೆಳೆಸ್ತಾ ಇದ್ದ ಹೊತ್ತಿನಲ್ಲಿ ಪರದೆ ಮೇಲೆ ಆಕೆಯ ಪಾತ್ರಕ್ಕೆ ಸಾವು. 2016ರಲ್ಲಿ ‘ರುಸ್ತುಂ’. ಅಕ್ಷಯ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ನಾಯಕ ದೇಶಭಕ್ತನೂ ಆಗಿಬಿಟ್ಟ. ಚಿತ್ರಗಳನ್ನು ನೋಡಬೇಡಿ ಅಂತ ನಾನು ಹೇಳ್ತಾ ಇಲ್ಲ. ‘ಅಚಾನಕ್’ ಒಳ್ಳೆಯ ಚಿತ್ರವೇ. ಆದರೆ ಚಿತ್ರ ನೋಡಿ ಕಲಿತ ಪಾತ್ರ ಹಂಚಿಕೆಯನ್ನ ಬೀದಿಯಲ್ಲಿ ಮಾಡಬಾರದು.

ಅದು ಹಳೇ ಕಾಲ, ಬಿಡಿ ಅಂತೀರಾ? ಕೇಳಿ.

2020ರ ಜೂನ್‌ನಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಸತ್ತಾಗ ಟಿ.ವಿ.ಗಳು ರಾತ್ರಿ ಹಗಲು ಕೊಲೆ, ಕೊಲೆ ಅಂತ ಕಿರುಚಿದವು. ಗೆಳತಿ ರಿಯಾ ಚಕ್ರವರ್ತಿಯ ಮೇಲೆ ದೂರು ದಾಖಲಾಯಿತು. ಅಪ್ಪ, ಅಮ್ಮ, ತಮ್ಮನ ಹೆಸರೂ ಅದರಲ್ಲಿ ಸೇರಿತು. ಮನೆಯ ಕಾಂಪೌಂಡಿನ ಒಳಗೇ ಸೈನ್ಯದಿಂದ ನಿವೃತ್ತರಾದ ಆ ಅಪ್ಪನನ್ನು ಮೈಕು ಹಿಡಿದವರು ಮುತ್ತಿಕೊಂಡರು. ಅದೇ ಅಕ್ಟೋಬರಿನಲ್ಲಿ ಏಮ್ಸ್ ವೈದ್ಯರ ಮಂಡಳಿ ಇದು ಕೊಲೆ ಅಲ್ಲ ಅಂದಿತು. 2025ರ ಮಾರ್ಚಿನಲ್ಲಿ ಸಿ.ಬಿ.ಐ. ತನಿಖೆ ಮುಗಿಸುವ ವರದಿಯನ್ನೇ ಕೋರ್ಟಿಗೆ ಕೊಟ್ಟಿತು. ಐದು ವರ್ಷದ ಹಿಂದೆ ಕೂಗಿದ್ದಷ್ಟು ಜೋರಾಗಿ ಈ ಸುದ್ದಿಯನ್ನ ಕೂಗಿದ್ದು ನಿಮ್ಮ ಕಿವಿಗೆ ಬಿದ್ದಿತ್ತೇ?

ಇನ್ನು ನಮ್ಮೂರಿನ ಮಾತು. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆ ಕೇಸಿನಲ್ಲಿ ನಟ ದರ್ಶನ್ ಬಂಧನವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ಜಾಮೀನು ಕೊಟ್ಟಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ತಪ್ಪು ಯಾರದು ಅಂತ ಹೇಳೋದು ಕೋರ್ಟು, ಈ ಅಂಕಣ ಅಲ್ಲ. ನಾನು ಹೇಳ್ತಾ ಇರೋದು ಮನೆಗಳ ಮಾತು.

ಒಂದು ಕಡೆ ನಟನ ಹೆಂಡತಿ ಜೈಲಿಗೆ ಹೋದರೂ ಕ್ಯಾಮರಾ, ಬಂದರೂ ಕ್ಯಾಮರಾ. ಗಂಡನ ಪರ ನಿಂತರೆ ಒಂದು ಗುಂಪು ಬೈಯುತ್ತೆ, ಸುಮ್ಮನಿದ್ದರೆ ಇನ್ನೊಂದು ಗುಂಪು ಬೈಯುತ್ತೆ. ಇನ್ನೊಂದು ಕಡೆ ಚಿತ್ರದುರ್ಗದಲ್ಲಿ ಮಗನನ್ನು ಕಳಕೊಂಡ ಅಪ್ಪ ಅಮ್ಮ, ಆಗ ಬಸುರಿಯಾಗಿದ್ದ ಹೆಂಡತಿ. ಅವರ ಬಾಗಿಲಿಗೂ ಕ್ಯಾಮರಾ. ಸತ್ತವನ ಬಗ್ಗೆ ಹೀನಾಯವಾಗಿ ಬರೆದವರು ಯಾರು? ದೂರದ ಬೊಂಬಾಯಿಯವರಲ್ಲ. ಡಿ.ಪಿ.ಯಲ್ಲಿ ಸ್ಟಾರ್ ಫೋಟೋ ಹಾಕಿಕೊಂಡ ನಮ್ಮ ಕಡೆಯ ಹುಡುಗರೇ.

ಆ ಕೇಸಿನಲ್ಲಿ ಒಟ್ಟು 17 ಮಂದಿ ಆರೋಪಿಗಳು. 17 ಅಂದರೆ 17 ಮನೆ. ನಮಗೆ ಗೊತ್ತಿರೋದು ಒಂದೋ ಎರಡೋ. ಉಳಿದವರಲ್ಲಿ ದುಡಿದು ತಿನ್ನೋ ಮನೆಯ ಹುಡುಗರಿದ್ದಾರೆ. ಅವರಲ್ಲಿ ಒಬ್ಬನ ತಂದೆ, ಮಗನ ಬಂಧನದ ಸುದ್ದಿಯ ಬೆನ್ನಿಗೇ ಎದೆ ಒಡೆದು ತೀರಿಕೊಂಡರು. ಆ ತಂದೆಯ ಮೇಲೆ ಯಾವ ಕೇಸೂ ಇರಲಿಲ್ಲ. ಸ್ಟಾರ್ ಮನೆಗೆ ಗೇಟಿದೆ, ಕಾವಲಿದೆ, ದೊಡ್ಡ ವಕೀಲರಿದ್ದಾರೆ. ಬಾಡಿಗೆ ಮನೆಯಲ್ಲಿರೋ ಅಮ್ಮನಿಗೆ ಏನಿದೆ? ಕದ ಹಾಕಿಕೊಂಡು ಕೂರಬೇಕು. ಕದ ಹಾಕಿದರೆ ‘ನೋಡಿ, ಮುಖ ತೋರಿಸ್ತಿಲ್ಲ’ ಅಂತಾರೆ. ತೆಗೆದರೆ ‘ನಾಚಿಕೆ ಇಲ್ಲದೆ ಓಡಾಡ್ತಾರೆ’ ಅಂತಾರೆ!

ಒಂದು ವಿಷಯ ತಿಳಿದಿರಲಿ. ಗಂಡ ಹೆಂಡತಿ ನಡುವೆ ನಡೆದ ಮಾತಿಗೆ ನಮ್ಮ ಕಾನೂನಿನಲ್ಲೇ ರಕ್ಷಣೆ ಇದೆ. 1872ರ ಸಾಕ್ಷ್ಯ ಕಾಯಿದೆಯಲ್ಲಿ 122ನೇ ಕಲಂ, 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ 128ನೇದು. ಅವರಿಬ್ಬರ ನಡುವಿನದೇ ಕೇಸಾಗಿದ್ದರೆ ಬೇರೆ ಮಾತು. ಇಲ್ಲದಿದ್ದರೆ ನಿನ್ನ ಗಂಡ ನಿನ್ನ ಹತ್ತಿರ ಏನು ಹೇಳಿದ ಅಂತ ಹೆಂಡತಿಯನ್ನು ಕೋರ್ಟು ಕೂಡ ಬಲವಂತ ಮಾಡೋ ಹಾಗಿಲ್ಲ. ಕಪ್ಪು ಕೋಟಿನ ವಕೀಲ ಕೇಳಬಾರದ ಪ್ರಶ್ನೆಯನ್ನ ಮೈಕು ಹಿಡಿದವನು ಗೇಟಿನ ಮುಂದೆ ಕೇಳ್ತಾನೆ. ನಾವು ಮೊಬೈಲಿನಲ್ಲಿ ಅದನ್ನ ನೋಡ್ತೀವಿ, ನಾಲ್ಕು ಜನರಿಗೆ ಕಳಿಸ್ತೀವಿ. ಅಂದು 25 ಪೈಸೆಯ ‘ಬ್ಲಿಟ್ಜ್’ಗೆ 2 ರೂಪಾಯಿ ಕೊಟ್ಟವರೂ ನಾವೇ, ಇಂದು ಬೆರಳೊತ್ತೋರೂ ನಾವೇ. ಕೊಳ್ಳೋರಿಲ್ಲದಿದ್ದರೆ ಮಾರೋರು ಎಲ್ಲಿರ್ತಾರೆ?

ಮನೆಯವರು ಸುಳ್ಳು ಸಾಕ್ಷಿ ಹೇಳಿದರೆ, ಸಾಕ್ಷ್ಯ ಬಚ್ಚಿಟ್ಟರೆ ಅದಕ್ಕೆ ಬೇರೆ ಕಲಂಗಳಿವೆ, ಪೊಲೀಸರು ನೋಡಿಕೊಳ್ತಾರೆ. ಆದರೆ ಕೊಲೆ ಆರೋಪಿಯ ತಾಯಿ ಆಗಿರೋದು, ಹೆಂಡತಿ ಆಗಿರೋದು, ಮಗ ಆಗಿರೋದು ಯಾವ ಕಲಂನಲ್ಲೂ ಅಪರಾಧ ಅಲ್ಲ. ಮಗ ಜೈಲಿನಲ್ಲಿದ್ದರೆ ತಾಯಿ ಬುತ್ತಿ ಹೊತ್ತುಕೊಂಡು ಹೋಗ್ತಾಳೆ. ಹೋಗಲೇಬೇಕು. ಹೋಗದಿದ್ದರೆ ತಾಯಿ ಹೇಗಾದಾಳು?

ಅದಕ್ಕೇ ಗೆಳೆಯರೇ, ನಿಮ್ಮ ಸ್ಟಾರ್ ಮೇಲೆ ಎಷ್ಟು ಬೇಕಾದರೂ ಅಭಿಮಾನ ಇಟ್ಟುಕೊಳ್ಳಿ. ಕಟೌಟ್ ನಿಲ್ಲಿಸಿ, ಹಾಲೆರೆಯಿರಿ, ನಿಮ್ಮ ದುಡ್ಡು ನಿಮ್ಮ ಖುಷಿ. ಆದರೆ ನಿಮ್ಮ ಬೀದಿಯಲ್ಲೇ ಇಂಥ ಒಂದು ಮನೆ ಇದ್ದರೆ ಮೂರು ಕೆಲಸ ಮಾಡಿ. ಆ ಮನೆಯ ಫೋಟೋ ತೆಗೀಬೇಡಿ. ಆ ಮನೆಯವರು ಅಂಗಡಿ ಇಟ್ಟಿದ್ದರೆ ಮೊದಲಿನ ಹಾಗೇ ಹೋಗಿ ಬೆಂಕಿಪೊಟ್ಟಣ ಕೊಂಡು ಬನ್ನಿ. ಆ ಮನೆಯ ಹುಡುಗ ಕ್ರಿಕೆಟ್ ಆಡೋಕೆ ಬಂದರೆ ಏನೂ ಕೇಳದೆ ಬ್ಯಾಟು ಕೊಡಿ.

ಸತ್ತವನ ಮನೆಗೂ ಇದೇ ಲೆಕ್ಕ. ಅವರಿಗೆ ಬೇಕಾದ್ದು ನ್ಯಾಯ, ಮೈಕು ಅಲ್ಲ.

ಏನಂತೀರಿ? ಒಪ್ಪದಿದ್ದರೆ ಬೈದಾದರೂ ಬರೆಯಿರಿ. ಬೈಯೋದಿದ್ದರೆ ನನ್ನನ್ನು ಬೈಯಿರಿ, ನಮ್ಮ ಮನೆಯವರನ್ನ ಬಿಡಿ.

ಮುಂದಿನ ವಾರ ಸಿಗೋಣ.